ವಾರಕ್ಕೆ ಇಪ್ಪತ್ತೊಂದು ಡಾಲರು

ಟೊಲೀಡೊದಲ್ಲಿ ಜನವರಿ. ನದಿ ಹೆಪ್ಪುಗಟ್ಟಿ
ಬಿಳಿ ಹಲಗೆಯ ಹಾಗೆ ಬಿದ್ದಿದೆ.
ನಮ್ಮ ಅಂಗಡಿಯ ಗಾಜಿನ ಮೇಲೆ ಕೆಂಪಕ್ಷರ:
"ಹಳೆಯ ಸಾಲದ ಕತೆ ಕೇಳುವುದಿಲ್ಲ, ಬನ್ನಿ."
ಕೇಳುವುದಿಲ್ಲ, ನಿಜ.
ಬಾಗಿಲು ತಳ್ಳುವ ಬಗೆಯಲ್ಲೇ
ಗೊತ್ತಾಗಿಬಿಡುತ್ತದೆ ನಮಗೆ.

ಬೂಟಿನ ಹಿಮವನ್ನು ಹೊಸ್ತಿಲಲ್ಲೇ ಒದರಿ
ಚಾಪೆ ಒದ್ದೆಯಾದದ್ದಕ್ಕೆ ಕ್ಷಮೆ ಕೇಳುತ್ತ
ಒಳಗೆ ಬಂದಳು ವರ್ಲೀನ್ ಹಾಜ್,
ಸ್ಕೂಲ್ ಬಸ್ಸಿನ ಡ್ರೈವರು, ಕೊರಳಲ್ಲಿ ಇನ್ನೂ ಗುರುತಿನ ಚೀಟಿ.
ಟಿವಿಗಳತ್ತ ನೋಡಲಿಲ್ಲ. ಸೋಫಾ ಮುಟ್ಟಲಿಲ್ಲ.
ನೆಟ್ಟಗೆ ನಡೆದಳು
ಸಾಲಾಗಿ ನಿಂತ ಲ್ಯಾಪ್‌ಟಾಪುಗಳ ಬಳಿಗೆ.
ಕೈಯಲ್ಲಿದ್ದದ್ದು ಸಾಲದವರಿಗೆಂದೇ
ಸಾಲಕ್ಕೆ ನಿಂತವು ಅವು.

"ಐನೂರ ಹನ್ನೆರಡು," ಅಂದಳು
ಯಾರೂ ಕೇಳದೆಯೇ,
ಡಾಕ್ಟರಿಗೆ ಜ್ವರದ ಡಿಗ್ರಿ ಹೇಳುವ ಹಾಗೆ.
ಸಾಲ ಕೊಡುವವರು ಅವಳಿಗೆ ಹಾಕಿದ ಅಂಕ.
ಎರಡು ವರ್ಷದ ಹಿಂದೆ ಐಸಿನ ಮೇಲೆ ಜಾರಿ
ಮಣಿಕಟ್ಟು ಮುರಿದಿತ್ತು. ಮೂಳೆ ಆರು ವಾರಕ್ಕೆ ಕೂಡಿತು,
ಆಸ್ಪತ್ರೆಯ ಬಿಲ್ಲು ಇನ್ನೂ ಕೂಡುತ್ತಲೇ ಇದೆ.

ಈಗ ಬಿಲ್ಲು ಬರೆಯುವುದನ್ನೇ ಕಲಿಯುತ್ತಾಳಂತೆ,
ಆಸ್ಪತ್ರೆ ಲೆಕ್ಕಪತ್ರದ ಕೋರ್ಸು, ರಾತ್ರಿಯದು, ಮನೆಯಿಂದಲೇ.
"ನನ್ನನ್ನು ಕೆಡವಿದ ಕೋಡು ಯಾವುದು ಅಂತ
ಒಮ್ಮೆ ಮುಖ ನೋಡಬೇಕು," ಎಂದು ನಕ್ಕಳು.
ಲೈಬ್ರರಿಯಲ್ಲಿ ಕಂಪ್ಯೂಟರಿದೆ, ಒಬ್ಬರಿಗೆ ಒಂದು ಗಂಟೆ.
ಪಾಠ ಒಂದೂವರೆ.

ಕಲಿಸಿಕೊಟ್ಟ ಮಾತು ಒಪ್ಪಿಸಿದೆ ನಾನು:
ವಾರಕ್ಕೆ ಇಪ್ಪತ್ತೊಂದೇ ಡಾಲರು ಮೇಡಂ,
ದಿನಕ್ಕೆ ಲೆಕ್ಕ ಹಾಕಿದರೆ ಒಂದು ಕಾಫಿ.
"ಎಷ್ಟು ವಾರ?"
ಈ ಪ್ರಶ್ನೆ ಬಂದಾಗ ವಾರಂಟಿಯ ಸುದ್ದಿ ಎತ್ತಬೇಕೆಂದು
ತರಬೇತಿಯಲ್ಲಿ ಹೇಳಿದ್ದರು.
ಎಪ್ಪತ್ತೆಂಟು, ಅಂದುಬಿಟ್ಟೆ.

ಪೆನ್ನು ಕೇಳಿದಳು. ಕೊಟ್ಟೆ.
ಗ್ಯಾಸ್ ಬಿಲ್ಲಿನ ಲಕೋಟೆಯ ಬೆನ್ನ ಮೇಲೆ
ಗುಣಿಸಿದಳು, ಕೂಡಿದಳು,
ದಶಕದ ಒಂದನ್ನು ಪುಟ್ಟದಾಗಿ ತಲೆಯ ಮೇಲಿಟ್ಟು.
ಸಾವಿರದ ಆರುನೂರ ಮೂವತ್ತೆಂಟು.
ಪೆಟ್ಟಿಗೆಗೆ ಅಂಟಿಸಿದ ಬೆಲೆ ಐನೂರ ನಲವತ್ತಾರು.
ಲಕೋಟೆಯನ್ನು ನನ್ನತ್ತ ತಿರುಗಿಸಿದಳು.
ಬೈಯಲಿಲ್ಲ.
"ನಾನೇನಾದರೂ ತಪ್ಪು ಗುಣಿಸಿದೆನಾ?"

ತಪ್ಪಿರಲಿಲ್ಲ.
ಒಪ್ಪಿಸಿದರೆ ನನಗೆ ನಲವತ್ತು ಕಮಿಷನ್ನು.
ನನ್ನ ಅಂಕವನ್ನೂ ಹೇಳಿಬಿಡುತ್ತೇನೆ: ನಾನೂರ ತೊಂಬತ್ತು.
ಇದೇ ಅಂಗಡಿಯ ಫ್ರಿಜ್ಜು ನನ್ನ ಅಡುಗೆಮನೆಯಲ್ಲಿ
ರಾತ್ರಿಯಿಡೀ ಗುರುಗುಡುತ್ತದೆ.
ಇನ್ನೂ ಹನ್ನೊಂದು ವಾರ ಅದು ನನ್ನದಲ್ಲ,
ಒಳಗಿನ ಹಾಲು ಮಾತ್ರ ನನ್ನದು.

ಮ್ಯಾನೇಜರು ಫೋನಿನಲ್ಲಿದ್ದರು.
ದನಿ ತಗ್ಗಿಸಿದೆ. ಎರಡು ಬೀದಿ ಆಚೆ
ಲಾಂಡ್ರಿಯ ಪಕ್ಕದಲ್ಲಿ ಮುದುಕ ಶಾಹೀನನ ಗಿರವಿ ಅಂಗಡಿ.
ಬಿಡಿಸಿಕೊಳ್ಳಲು ಬಾರದವರ ಕಂಪ್ಯೂಟರುಗಳಿವೆ.
ನೂರ ಮೂವತ್ತು ಅನ್ನುತ್ತಾನೆ, ನೀವು ನೂರು ಅನ್ನಿ.
ಚಾರ್ಜರಿಗೆ ಬೇರೆ ದುಡ್ಡು ಕೊಡಬೇಡಿ,
ಡಬ್ಬದಲ್ಲಿ ರಾಶಿ ಬಿದ್ದಿದೆ. ಮೊದಲು ಬ್ಯಾಟರಿ ನೋಡಿ.

ಹೋದಳು. ನನ್ನ ಪೆನ್ನೂ ಹೋಯಿತು.
ಆ ವಾರ ಹಲಗೆಯ ಮೇಲೆ
ನನ್ನ ಹೆಸರಿನ ಮುಂದೆ ಸೊನ್ನೆ.

ಏಪ್ರಿಲಿನಲ್ಲಿ ಒಂದು ಹಳದಿ ಬಸ್ಸು
ಖಾಲಿಯದು, ದೀಪ ಮಿಟುಕಿಸುತ್ತ ಬಂದು ನಿಂತಿತು.
ಇಳಿದು ಬಂದು ಪೆನ್ನನ್ನು ಕೌಂಟರಿನ ಮೇಲಿಟ್ಟಳು.
"ಬಾಕಿ," ಅಂದಳು, "ಚುಕ್ತಾ."
'ಆರ್' ಅಕ್ಷರದ ಗುಂಡಿ ಉದುರಿದೆಯಂತೆ,
ಪೆನ್ಸಿಲಿನ ಹಿಂಬದಿಯಿಂದ ಒತ್ತುತ್ತಾಳಂತೆ.
ತೆರೆದಾಗೆಲ್ಲ ಪರದೆ ಹೇಳುವುದು
ಇನ್ನೂ ಆ ಹಳೆಯವನ ಹೆಸರು: ಸ್ವಾಗತ, ಡೆಲ್ಬರ್ಟ್.
ಅಳಿಸಲು ಬರುತ್ತದೆ ಅವಳಿಗೆ. ಅಳಿಸಿಲ್ಲ.
"ಪಾಪ, ಯಾವ ತಿಂಗಳ ಬಾಡಿಗೆಗೆ ಇಟ್ಟನೋ.
ಮೊದಲ ಪರೀಕ್ಷೆಯಲ್ಲಿ ಎಂಬತ್ತೊಂದು ಬಂತು,
ನಮ್ಮಿಬ್ಬರಿಗೂ."

ಬಸ್ಸು ತಿರುವಿನಲ್ಲಿ ಮರೆಯಾಯಿತು.
ಮುಂದಿನ ಗಿರಾಕಿಯ ಹೆಸರು ಬರೆಯಲೆಂದು ಪೆನ್ನು ತೆಗೆದೆ,
ಗೀಚಿದೆ, ಮತ್ತೆ ಗೀಚಿದೆ.
ಒಂದು ಹನಿ ಶಾಯಿ ಉಳಿಸಿರಲಿಲ್ಲ ಮಹಾತಾಯಿ.